ವಾದ್ಯ ನೋಡಿ ಡಿಐ ಬಾಕ್ಸ್ ಕೊಳ್ಳಿ: ಸಣ್ಣ ಪ್ಯಾಸಿವ್ ಪೆಟ್ಟಿಗೆ ಆರಿಸುವ ಸಮಗ್ರ ಮಾರ್ಗದರ್ಶಿ

ತುಮಕೂರು ಸೀಮೆಯ ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ಹಾಕಿದರೆ ಸ್ಟೇಜಿನ ಒಂದು ಮಗ್ಗುಲಲ್ಲಿ ಹಾರ್ಮೋನಿಯಂ ಮೇಷ್ಟ್ರು ಕೂರುತ್ತಾರೆ. ಅವರ ಪಕ್ಕದಲ್ಲೇ ಕೀಬೋರ್ಡ್, ಅದರ ಪಕ್ಕ ರಿದಮ್ ಪ್ಯಾಡ್. ಮಿಕ್ಸರ್ ಮಾತ್ರ ಜನರ ಹಿಂದೆ, ಶಾಮಿಯಾನದ ಕೊನೆಯ ಕಂಬದ ಹತ್ತಿರ, 30 ಮೀಟರ್ ದೂರದಲ್ಲಿ. ಹಾರ್ಮೋನಿಯಂಗೆ ಮೈಕ್ ಇಟ್ಟರಾಯಿತು. ಕೀಬೋರ್ಡಿನಿಂದ ಎರಡೇ ತಂತಿಯ ಪಿ-38 (ಕಾಲಿಂಚಿನ ಜ್ಯಾಕ್) ವೈರನ್ನು ಅಷ್ಟು ದೂರ ಎಳೆದರೆ ದಾರಿಯಲ್ಲಿ ಸಿಗುವ ಸೀರಿಯಲ್ ಸೆಟ್ಟು, ಡಿಮ್ಮರ್, ಫ್ಯಾನು, ಜನರೇಟರು ಎಲ್ಲದರ ಗುಂಯ್‌ಗುಡುವಿಕೆಯನ್ನೂ ಅದು ಹೊತ್ತು ತರುತ್ತದೆ. ಡಿಐ (ಡೈರೆಕ್ಟ್ ಇಂಜೆಕ್ಷನ್) ಬಾಕ್ಸ್ ಬೇಕಾಗುವುದು ಇಲ್ಲಿ. ವಾದ್ಯದ ಸಿಗ್ನಲನ್ನು ಅದು ಮೈಕ್ ಸಿಗ್ನಲಿನಂತೆ ಮೂರು ತಂತಿಯ ಬ್ಯಾಲೆನ್ಸ್ಡ್ ರೂಪಕ್ಕೆ, ಅಂದರೆ ದಾರಿಯಲ್ಲಿ ಸೇರಿದ ಗುಂಯ್ ಮಿಕ್ಸರಿನಲ್ಲಿ ರದ್ದಾಗುವ ರೂಪಕ್ಕೆ ತಿರುಗಿಸಿ ಕ್ಯಾನನ್ (ಎಕ್ಸ್‌ಎಲ್‌ಆರ್) ವೈರಿಗೆ ಕೊಡುತ್ತದೆ. ಆಮೇಲೆ ಮಿಕ್ಸರ್ 50 ಮೀಟರ್ ದೂರವಿದ್ದರೂ ಚಿಂತೆಯಿಲ್ಲ.

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ‘ಯಾವ ಕಂಪನಿಯದ್ದು ಒಳ್ಳೇದು?’ ಎಂದು. ಅದಕ್ಕೂ ಮೊದಲು ‘ಇದಕ್ಕೆ ಏನು ಚುಚ್ಚುತ್ತೀರಿ?’ ಎಂಬುದಕ್ಕೆ ಉತ್ತರ ಬೇಕು. ಕೀಬೋರ್ಡಿಗೆ ಸೊಗಸಾಗಿ ದುಡಿಯುವ ಪೆಟ್ಟಿಗೆಯೇ ಪಿಕಪ್ (ವಾದ್ಯದ ಕಂಪನವನ್ನು ಸಿಗ್ನಲ್ ಮಾಡುವ ಬಿಲ್ಲೆ) ಅಂಟಿಸಿದ ವೀಣೆಗೆ ಹಾಕಿದಾಗ ಮಂದ್ರವನ್ನೆಲ್ಲ ನುಂಗಿ ತಗಡಿನ ಡಬ್ಬಿ ಬಾರಿಸಿದಂತೆ ಕೇಳಿಸುತ್ತದೆ. ಕೆಟ್ಟಿರುವುದು ಪೆಟ್ಟಿಗೆಯಲ್ಲ, ಜೋಡಿ.

ಹಂತ 1: ನಿಮ್ಮ ಸ್ಟೇಜಿನ ವಾದ್ಯಗಳ ಪಟ್ಟಿ ಮಾಡಿ

ಒಂದು ಕಾಗದದ ಮೇಲೆ ಮೂರು ಗುಂಪು ಬರೆದುಕೊಳ್ಳಿ.

ಮೊದಲನೆಯದು, ಒಳಗೇ ಎಲೆಕ್ಟ್ರಾನಿಕ್ಸ್ ಇದ್ದು ಕರೆಂಟ್ ಅಥವಾ ಬ್ಯಾಟರಿಯಿಂದ ನಡೆಯುವ ವಾದ್ಯಗಳು: ಕೀಬೋರ್ಡ್, ರಿದಮ್ ಪ್ಯಾಡ್, ಲೈನ್ ಔಟ್ ಇರುವ ಎಲೆಕ್ಟ್ರಾನಿಕ್ ತಬಲಾ ಮತ್ತು ಶ್ರುತಿ ಪೆಟ್ಟಿಗೆ, ಟ್ರ್ಯಾಕ್ ಹಾಕುವ ಲ್ಯಾಪ್‌ಟಾಪ್, ಮೊಬೈಲ್. ಪಕ್ಕದಲ್ಲಿ ಗುಂಡಿಗಳಿದ್ದು 9 ವೋಲ್ಟ್ ಬ್ಯಾಟರಿ ಕೂರಿಸುವ ಅಕೌಸ್ಟಿಕ್ ಗಿಟಾರ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಇವುಗಳ ಔಟ್‌ಪುಟ್ಟಿಗೆ ಕಸುವಿದೆ. ಇವಕ್ಕೆ ಪ್ಯಾಸಿವ್ ಡಿಐ, ಅಂದರೆ ಕರೆಂಟು ಬ್ಯಾಟರಿ ಬೇಡದ ಪೆಟ್ಟಿಗೆ, ಧಾರಾಳವಾಗಿ ಸಾಕು. ನಮ್ಮ ಕಡೆಯ ಆರ್ಕೆಸ್ಟ್ರಾ, ಭಜನೆ, ನಾಟಕ, ಹರಿಕಥೆಗಳಲ್ಲಿ ಡಿಐ ಬೇಡುವ ವಾದ್ಯಗಳಲ್ಲಿ ಹೆಚ್ಚಿನವು ಈ ಗುಂಪಿನವೇ.

ಎರಡನೆಯದು, ಬ್ಯಾಟರಿಯಿಲ್ಲದ, ತಂತಿ ಸುತ್ತಿದ ಮ್ಯಾಗ್ನೆಟ್ ಪಿಕಪ್ಪಿನ ಎಲೆಕ್ಟ್ರಿಕ್ ಗಿಟಾರ್ ಮತ್ತು ಬಾಸ್ ಗಿಟಾರ್. ಇವಕ್ಕೂ ಪ್ಯಾಸಿವ್ ನಡೆಯುತ್ತದೆ, ಆದರೆ ಮೇಲಿನ ಹೊಳಪು ಸ್ವಲ್ಪ ಮಂಕಾಗುತ್ತದೆ. ಬಾಸ್ ಗಿಟಾರಿಗೆ ಅನೇಕರು ಆ ದುಂಡುತನವನ್ನೇ ಇಷ್ಟಪಡುತ್ತಾರೆ. ಕಿವಿಗೆ ಒಪ್ಪಿದರೆ ಸರಿ.

ಮೂರನೆಯದು, ಪಿಯೆಜೋ ಪಿಕಪ್: ವೀಣೆ, ವಯಲಿನ್, ಮ್ಯಾಂಡೊಲಿನ್‌ಗಳಿಗೆ ಅಂಟಿಸುವ ಬಿಲ್ಲೆ, ಅಥವಾ ಬ್ರಿಡ್ಜಿನ ಕೆಳಗೆ ಇಡುವ ಪಟ್ಟಿ. ಮಧ್ಯೆ ಪ್ರೀಆಂಪ್ (ಸಣ್ಣ ಸಿಗ್ನಲಿಗೆ ಮೊದಲೇ ಕಸುವು ಕೊಡುವ ಸಾಧನ) ಇಲ್ಲದಿದ್ದರೆ ಇವಕ್ಕೆ ಪ್ಯಾಸಿವ್ ಡಿಐ ಬೇಡ. ಬ್ಯಾಟರಿ ಅಥವಾ ಕರೆಂಟಿನಿಂದ ನಡೆಯುವ ಆಕ್ಟಿವ್ ಡಿಐ ತೆಗೆದುಕೊಳ್ಳಿ, ಇಲ್ಲವೇ ಮೊದಲು ಪ್ರೀಆಂಪ್ ಹಾಕಿ ಅದರ ನಂತರ ಪ್ಯಾಸಿವ್ ಡಿಐ ಇಡಿ.

ತಮಟೆ, ಡೊಳ್ಳು, ಮೃದಂಗ, ನಾದಸ್ವರ ಈ ಪಟ್ಟಿಗೇ ಬರುವುದಿಲ್ಲ. ಅವೆಲ್ಲ ಮೈಕಿನ ಲೆಕ್ಕ. ಒಳಗೆ ಸಣ್ಣ ಕಂಡೆನ್ಸರ್ ಮೈಕ್ ಕೂರಿಸಿದ ಹಾರ್ಮೋನಿಯಂ ಕೂಡ ಅಷ್ಟೇ. ಆ ಮೈಕ್ ನಡೆಯುವುದಕ್ಕೆ ವೋಲ್ಟೇಜ್ ಬೇಕು. ಪ್ಯಾಸಿವ್ ಡಿಐ ಅದನ್ನು ಕೊಡಲಾರದು.

ಹಂತ 2: ಸುತ್ತುಗಳ ಲೆಕ್ಕ ತಿಳಿದುಕೊಳ್ಳಿ

ಪ್ಯಾಸಿವ್ ಡಿಐ ಒಳಗಿನ ಮುಖ್ಯ ವಸ್ತು ಒಂದೇ, ಹುಣಸೆಬೀಜದ ಗಾತ್ರದಿಂದ ನೆಲ್ಲಿಕಾಯಿ ಗಾತ್ರದವರೆಗಿನ ಒಂದು ಟ್ರಾನ್ಸ್‌ಫಾರ್ಮರ್. ವಾದ್ಯದ ಕಡೆ ಹೆಚ್ಚು ಸುತ್ತು, ಮಿಕ್ಸರಿನ ಕಡೆ ಕಡಿಮೆ ಸುತ್ತು. ಸಾಮಾನ್ಯವಾಗಿ ಅನುಪಾತ 10:1 ರಿಂದ 12:1 ರವರೆಗೆ ಇರುತ್ತದೆ.

12:1 ಇದ್ದರೆ ವೋಲ್ಟೇಜ್ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಸುಮಾರು 21.6 ಡಿಬಿ (ಡೆಸಿಬೆಲ್) ನಷ್ಟ. ಕೀಬೋರ್ಡ್ 1 ವೋಲ್ಟ್ ಕೊಟ್ಟರೆ ಮಿಕ್ಸರಿಗೆ ಸುಮಾರು 83 ಮಿಲಿವೋಲ್ಟ್ ತಲುಪುತ್ತದೆ. ಮೈಕ್ ಇನ್‌ಪುಟ್ಟಿಗೆ ಇದು ಜೋರು ಸಿಗ್ನಲ್ಲೇ. ಗಿಟಾರಿನ 150 ಮಿಲಿವೋಲ್ಟ್ ಆದರೆ 12 ಮಿಲಿವೋಲ್ಟ್ ಉಳಿಯುತ್ತದೆ. ಅದೂ ಸಾಲುತ್ತದೆ, ಗೇನ್ ಸ್ವಲ್ಪ ಏರಿಸಬೇಕು ಅಷ್ಟೆ. ‘ಡಿಐ ಹಾಕಿದ ಮೇಲೆ ಸೌಂಡ್ ಕಮ್ಮಿಯಾಯಿತು’ ಎಂದು ಪೆಟ್ಟಿಗೆ ವಾಪಸ್ ಕೊಡುವವರಿದ್ದಾರೆ. ಕಮ್ಮಿಯಾಗುವುದೇ ಅದರ ಕೆಲಸ.

ಇಂಪೀಡೆನ್ಸಿನ (ಸಿಗ್ನಲಿಗೆ ಒಡ್ಡುವ ತಡೆಯ) ಲೆಕ್ಕದಲ್ಲಿ ಅನುಪಾತದ ವರ್ಗ ಬರುತ್ತದೆ. 12ರ ವರ್ಗ 144. ಮಿಕ್ಸರಿನ ಮೈಕ್ ಇನ್‌ಪುಟ್ 1.5 ಕಿಲೋಓಮ್ ಎಂದುಕೊಂಡರೆ ವಾದ್ಯಕ್ಕೆ ಕಾಣುವುದು 144 × 1.5 = 216 ಕಿಲೋಓಮ್. 10:1 ಆದರೆ 150 ಕಿಲೋಓಮ್. ಪೆಟ್ಟಿಗೆಗಳ ವಿವರಪಟ್ಟಿಯಲ್ಲಿ ಕಾಣುವ 140 ಕಿಲೋಓಮ್ ಎಂಬ ಅಂಕಿಯ ಮೂಲ ಇದೇ ಲೆಕ್ಕ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಪ್ಯಾಸಿವ್ ಡಿಐಗೆ ತನ್ನದೇ ಆದ ಸ್ಥಿರ ಇನ್‌ಪುಟ್ ಇಂಪೀಡೆನ್ಸ್ ಇಲ್ಲ, ಆಚೆ ತುದಿಯಲ್ಲಿ ಏನಿದೆಯೋ ಅದರ ಪ್ರತಿಬಿಂಬ ಅದು. ವಿಡಿಯೊದವರು ಬಂದು ‘ನಮಗೂ ಒಂದು ಲೈನ್ ಕೊಡಿ’ ಎಂದು ವೈ-ಕೇಬಲ್ ಹಾಕಿ ಅದೇ ಸಿಗ್ನಲನ್ನು ಎರಡನೇ ಮಿಕ್ಸರಿಗೂ ಕೊಟ್ಟರೆ ಎರಡು 1.5 ಕಿಲೋಓಮ್ ಸೇರಿ 750 ಓಮ್ ಆಗುತ್ತದೆ, ವಾದ್ಯಕ್ಕೆ ಕಾಣುವುದು 108 ಕಿಲೋಓಮಿಗೆ ಇಳಿಯುತ್ತದೆ. ಕೀಬೋರ್ಡಿಗೆ ಇದರಿಂದ ಏನೂ ಆಗದು. ಗಿಟಾರ್ ನುಡಿಸುವವರು ‘ಈಗ ಯಾಕೋ ಮಂಕಾಯಿತು’ ಎಂದರೆ ಅವರ ಮಾತು ನಂಬಿ. ವಿಡಿಯೊದವರಿಗೆ ಮಿಕ್ಸರಿನ ಆಕ್ಸ್‌ನಿಂದ (ಹೆಚ್ಚುವರಿ ಔಟ್‌ಪುಟ್ಟಿನಿಂದ) ಕೊಡುವುದೇ ಸರಿಯಾದ ದಾರಿ.

ಇನ್ನು ಪಿಯೆಜೋಗೆ ಯಾಕೆ ಆಗಿಬರುವುದಿಲ್ಲ? ಪಿಯೆಜೋ ಬಿಲ್ಲೆ ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಪುಟ್ಟ ಕೆಪಾಸಿಟರ್. ಅದರ ಬೆಲೆ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳಿ. 140 ಕಿಲೋಓಮ್ ಜತೆ ಸೇರಿದಾಗ ಸುಮಾರು 1,100 ಹರ್ಟ್ಸ್‌ನಿಂದ ಕೆಳಗೆ ಎಲ್ಲವೂ ಇಳಿಯುತ್ತ ಹೋಗುತ್ತದೆ. ವೀಣೆಯ ನಾದವೆಲ್ಲ ಇರುವುದೇ ಅದರ ಕೆಳಗೆ! 1 ಮೆಗಾಓಮ್ ಕೊಟ್ಟರೆ ಆ ಗೆರೆ 160 ಹರ್ಟ್ಸ್‌ಗೆ ಬರುತ್ತದೆ, 10 ಮೆಗಾಓಮ್ ಕೊಟ್ಟರೆ 16 ಹರ್ಟ್ಸ್‌ಗೆ. ಪಿಯೆಜೋಗೆ ಕನಿಷ್ಠ 1 ಮೆಗಾಓಮ್ ಇರುವ ಆಕ್ಟಿವ್ ಡಿಐ ಹುಡುಕಿ ಎನ್ನುವುದು ಇದಕ್ಕೇ. ಆಕ್ಟಿವ್ ಎಂದು ಬರೆದಿದ್ದರೂ ಇನ್‌ಪುಟ್ 250 ಕಿಲೋಓಮ್ ಆಸುಪಾಸು ಇರುವ ಪೆಟ್ಟಿಗೆಗಳಿವೆ. ಹೆಸರು ನಂಬಬೇಡಿ, ಅಂಕಿ ಓದಿ.

ಹಂತ 3: ಟ್ರಾನ್ಸ್‌ಫಾರ್ಮರನ್ನು ತೂಗಿ ನೋಡಿ

ಪೆಟ್ಟಿಗೆಯ ಬೆಲೆಯಲ್ಲಿ ಹೆಚ್ಚಿನ ಪಾಲು ಟ್ರಾನ್ಸ್‌ಫಾರ್ಮರಿನದು, ಅಗ್ಗದ ಪೆಟ್ಟಿಗೆ ಕೈಕೊಡುವುದೂ ಅಲ್ಲೇ. ಕಬ್ಬಿಣದ ತಿರುಳಿಗೆ ಒಂದು ಮಿತಿಯಿದೆ. ಅದನ್ನು ದಾಟಿ ಸಿಗ್ನಲ್ ಕೊಟ್ಟರೆ ತಿರುಳು ತುಂಬಿ, ಸದ್ದಿನ ನೆತ್ತಿ ಚಪ್ಪಟೆಯಾಗುತ್ತದೆ. ಈ ಮಿತಿ ಎಲ್ಲ ಸ್ವರಕ್ಕೂ ಒಂದೇ ಅಲ್ಲ. ಅದೇ ವೋಲ್ಟೇಜಿನಲ್ಲಿ 80 ಹರ್ಟ್ಸ್‌ಗಿಂತ 40 ಹರ್ಟ್ಸ್ ಎರಡರಷ್ಟು ಹೊರೆ ಹೊರಿಸುತ್ತದೆ, 20 ಹರ್ಟ್ಸ್ ನಾಲ್ಕರಷ್ಟು. ಹಾಗಾಗಿ ಸಣ್ಣ ತಿರುಳಿನ ಡಿಐ ಕೊಳಲಿನ ಟೋನಿಗೆ ಚೊಕ್ಕಟವಾಗಿರುತ್ತದೆ, ರಿದಮ್ ಪ್ಯಾಡಿನ ಕಿಕ್‌ಗೆ ಒಡೆಯುತ್ತದೆ. ಬಾಸ್ ಗಿಟಾರಿನ ದಪ್ಪ ಇ ತಂತಿ 41 ಹರ್ಟ್ಸ್, ಐದು ತಂತಿಯದಾದರೆ ಕೆಳಗಿನ ಬಿ 31 ಹರ್ಟ್ಸ್. ಕಿಕ್ ಟೋನುಗಳು ಬಹುಪಾಲು 50–60ರ ಸುತ್ತ. ಪ್ಯಾಡು, ಬಾಸ್ ಇದ್ದವರು ಟ್ರಾನ್ಸ್‌ಫಾರ್ಮರಿಗೇ ದುಡ್ಡು ಹಾಕಬೇಕು. ಬರೀ ಶ್ರುತಿ ಪೆಟ್ಟಿಗೆಗೆ ಬೇಕೆನ್ನುವವರು ಅಗ್ಗದ್ದನ್ನೇ ತೆಗೆದುಕೊಂಡರೂ ನಷ್ಟವಿಲ್ಲ.

ವಿವರಪಟ್ಟಿಯಲ್ಲಿ ‘ಗರಿಷ್ಠ ಇನ್‌ಪುಟ್ ಲೆವೆಲ್’ ಎಂಬ ಸಾಲನ್ನು ಹುಡುಕಿ. ಅದರ ಮುಂದೆ ಎಷ್ಟು ಹರ್ಟ್ಸ್‌ನಲ್ಲಿ ಎಂದು ಬರೆದಿದೆಯೇ ನೋಡಿ. 20 ಅಥವಾ 40 ಹರ್ಟ್ಸ್‌ನಲ್ಲಿ ಹೇಳಿದ ಅಂಕಿಗೆ ಬೆಲೆಯಿದೆ. 1 ಕಿಲೋಹರ್ಟ್ಸ್‌ನಲ್ಲಿ ಹೇಳಿದ್ದರೆ ಅದು ಸುಲಭದ ಪರೀಕ್ಷೆಯಲ್ಲಿ ಗಳಿಸಿದ ಅಂಕ.

ತಯಾರಕರ ಹೆಸರು ಬೇಕೆನ್ನುವವರಿಗೆ: ರೇಡಿಯಲ್ ಕಂಪನಿಯ ಜೆಡಿಐಯಲ್ಲಿ ಜೆನ್ಸೆನ್ ಟ್ರಾನ್ಸ್‌ಫಾರ್ಮರ್ ಇದೆ, ಅದರ ತಮ್ಮನಂತಿರುವುದು ಪ್ರೊಡಿಐ. ಪಾಮರ್ ಪಾನ್ 01, ವರ್ಲ್‌ವಿಂಡ್ ಇಂಪ್ 2, ಬೆಹ್ರಿಂಗರ್ ಡಿಐ400ಪಿ ಕೂಡ ಪ್ಯಾಸಿವ್ ಪೆಟ್ಟಿಗೆಗಳೇ. ಬೆಹ್ರಿಂಗರ್ ಡಿಐ100 ಮಾತ್ರ ಆಕ್ಟಿವ್. ಹೆಸರು ಹತ್ತಿರ ಹತ್ತಿರ ಇರುವುದರಿಂದ ಆರ್ಡರ್ ಮಾಡುವಾಗ ಎಡವಟ್ಟಾಗುವುದುಂಟು.

ಹಂತ 4: ಮಲ್ಟಿಮೀಟರ್ ಹಿಡಿದು ಒಳಗುಟ್ಟು ತಿಳಿಯಿರಿ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಂಡ ಹೆಸರಿಲ್ಲದ ಪೆಟ್ಟಿಗೆಗೆ ಈ ಪರೀಕ್ಷೆ ಕಡ್ಡಾಯ. ಟ್ರಾನ್ಸ್‌ಫಾರ್ಮರೇ ಇಲ್ಲದೆ ನಾಲ್ಕು ರೆಸಿಸ್ಟರ್ ಕೂರಿಸಿ ಡಿಐ ಎಂದು ಮಾರುವುದಿದೆ. ಪೆಟ್ಟಿಗೆ ಬಿಚ್ಚಬೇಕಿಲ್ಲ. ಇನ್‌ಪುಟ್ಟಿಗೆ ಒಂದು ಪಿ-38 ವೈರ್, ಔಟ್‌ಪುಟ್ಟಿಗೆ ಒಂದು ಕ್ಯಾನನ್ ವೈರ್ ಚುಚ್ಚಿ, ಆಚೆ ತುದಿಗಳನ್ನು ಏನಕ್ಕೂ ಸೇರಿಸದೆ ಹಾಗೇ ಬಿಡಿ. ಪೆಟ್ಟಿಗೆಯ ಪ್ಯಾಡ್ ಸ್ವಿಚ್ (ಸಿಗ್ನಲ್ ತಗ್ಗಿಸುವುದು) ಆಫ್, ಗ್ರೌಂಡ್ ಲಿಫ್ಟ್ (ಸಿಗ್ನಲಿನ ಗ್ರೌಂಡ್ ಬಿಡಿಸುವ ಸ್ವಿಚ್) ಕೂಡ ಆಫ್ ಇರಲಿ.

ಮೀಟರನ್ನು 20 ಕಿಲೋಓಮ್ ರೇಂಜಿಗೆ ತನ್ನಿ. ಪಿ-38ರ ತುದಿ ಮತ್ತು ಬುಡದ ನಡುವೆ ಓದಿದರೆ ನೂರಾರು ಓಮಿನಿಂದ ಕೆಲವು ಕಿಲೋಓಮ್ ತೋರಿಸಬೇಕು. ಅದು ವಾದ್ಯದ ಕಡೆಯ ಸುರುಳಿ. ಕ್ಯಾನನ್ನಿನ 2 ಮತ್ತು 3ನೇ ಪಿನ್ನುಗಳ ನಡುವೆ ಅದಕ್ಕಿಂತ ಬಹಳ ಕಡಿಮೆ ತೋರಿಸಬೇಕು. ಅದು ಮಿಕ್ಸರ್ ಕಡೆಯ ಸುರುಳಿ. ಈಗ ಮುಖ್ಯವಾದದ್ದು: ಪಿ-38ರ ತುದಿಯಿಂದ ಕ್ಯಾನನ್ನಿನ 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಎರಡೂ ಸಲ ಮೀಟರ್, ಅದರ ತುದಿಗಳು ಎಲ್ಲಿಗೂ ಮುಟ್ಟದಿದ್ದಾಗ ತೋರಿಸುವುದನ್ನೇ (ತೆರೆದ ಸರ್ಕ್ಯೂಟ್) ತೋರಿಸಬೇಕು. ಬೇರೆ ಏನಾದರೂ ಅಂಕಿ ಬಂದರೆ ಅಲ್ಲಿ ಬೇರ್ಪಡೆ ಇಲ್ಲ. ಗುಂಯ್ ಶಬ್ದಕ್ಕೆ ಅಂಥ ಪೆಟ್ಟಿಗೆಯಿಂದ ಪರಿಹಾರ ಸಿಗದು.

ಕೊನೆಗೆ ಪಿ-38ರ ಬುಡದಿಂದ ಕ್ಯಾನನ್ನಿನ 1ನೇ ಪಿನ್ನಿಗೆ ಹಿಡಿಯಿರಿ. ಲಿಫ್ಟ್ ಆಫ್ ಇದ್ದಾಗ ಸೊನ್ನೆಯ ಹತ್ತಿರ, ಲಿಫ್ಟ್ ಮಾಡಿದಾಗ ತೆರೆದ ಸರ್ಕ್ಯೂಟ್ ಬರಬೇಕು. ಸ್ವಿಚ್ಚನ್ನು ಒತ್ತಿದರೆ ಲಿಫ್ಟೋ, ಎತ್ತಿದರೆ ಲಿಫ್ಟೋ ಎಂಬ ಗೊಂದಲ ಹಲವು ಪೆಟ್ಟಿಗೆಗಳಲ್ಲಿ ಇರುತ್ತದೆ. ಈಗಲೇ ತಿಳಿದುಕೊಂಡು ಬಿಳಿ ಪೇಂಟಿನಿಂದ ಗುರುತು ಮಾಡಿಬಿಡಿ. ರಾತ್ರಿ ಹನ್ನೊಂದಕ್ಕೆ ದ್ರೌಪದಿ ಪಾತ್ರಧಾರಿ ಕಂದ ಹಾಡುತ್ತಿರುವಾಗ ಅದನ್ನು ಕಂಡುಹಿಡಿಯುವುದು ಬೇಡ.

ಮೀಟರನ್ನು ಸುರುಳಿಗೆ ಒಂದೆರಡು ಸೆಕೆಂಡ್ ಮುಟ್ಟಿಸಿದರೆ ಸಾಕು, 200 ಓಮ್ ರೇಂಜ್ ಬಳಸಬೇಡಿ. ಆ ರೇಂಜಿನಲ್ಲಿ ಮೀಟರ್ ಹೆಚ್ಚು ಕರೆಂಟ್ ಹರಿಸುತ್ತದೆ. ಒಳ್ಳೆಯ ನಿಕಲ್ ತಿರುಳಿಗೆ ಅದರಿಂದ ಅಷ್ಟಿಷ್ಟು ಕಾಂತತೆ ಅಂಟಿಕೊಂಡು ಸಣ್ಣ ವಿಕೃತಿ ಉಳಿಯಬಹುದು.

ಹಂತ 5: ಸ್ವಿಚ್ಚು, ತೂತು, ಮೈಕಟ್ಟು

ಬೇಕೇಬೇಕಾದವು ಮೂರು: ಇನ್‌ಪುಟ್ಟಿನ ಪಕ್ಕ ‘ತ್ರೂ’ ಅಥವಾ ‘ಲಿಂಕ್’ ಎಂಬ ಎರಡನೇ ಪಿ-38 ತೂತು, ಗ್ರೌಂಡ್ ಲಿಫ್ಟ್, ಮತ್ತು ಪ್ಯಾಡ್. ತ್ರೂ ಎಂಬುದು ಇನ್‌ಪುಟ್ಟಿನ ನೇರ ಜೋಡಿ. ಅಲ್ಲಿಂದ ನುಡಿಸುವವರ ಪಕ್ಕದ ಸಣ್ಣ ಆಂಪ್ಲಿಫಯರಿಗೆ ಸಿಗ್ನಲ್ ಕೊಡಬಹುದು. ಪ್ಯಾಡ್ ಸ್ವಿಚ್ ಒಳಗೆ ಬರುವ ಸಿಗ್ನಲನ್ನು 15 ಅಥವಾ 20 ಡಿಬಿ ತಗ್ಗಿಸುತ್ತದೆ. (ರಿದಮ್ ಪ್ಯಾಡ್ ನುಡಿಸುವವರಿಗೆ ‘ಪ್ಯಾಡ್ ಆನ್ ಮಾಡಿ’ ಎಂದರೆ ಅವರು ವಾದ್ಯವನ್ನೇ ಆನ್ ಮಾಡುತ್ತಾರೆ. ‘20 ಡಿಬಿ ಸ್ವಿಚ್’ ಎನ್ನುವುದು ವಾಸಿ.)

ಸಿಗ್ನಲಿನ ಫೇಸ್ (ಏರಿಳಿತದ ದಿಕ್ಕು) ತಿರುಗಿಸುವ ಸ್ವಿಚ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಹಲವು ಮಿಕ್ಸರುಗಳಲ್ಲಿ ಇರುತ್ತದೆ. ಸ್ಪೀಕರ್ ಔಟ್‌ನಿಂದ ಸಿಗ್ನಲ್ ತೆಗೆಯಲು ವಿಶೇಷ ಸ್ವಿಚ್ ಇದೆ ಎಂದು ತಯಾರಕರೇ ಬರೆದಿರದ ಹೊರತು ಆಂಪ್ಲಿಫಯರಿನ ಸ್ಪೀಕರ್ ವೈರನ್ನು ಯಾವ ಡಿಐಗೂ ಚುಚ್ಚಬೇಡಿ. ಆಗಲೂ ತ್ರೂನಲ್ಲಿ ಸ್ಪೀಕರ್ ಇರಲೇಬೇಕು. ವಾಲ್ವ್ ಆಂಪ್ಲಿಫಯರಿಗೆ ಡಿಐ ಲೋಡ್ ಆಗುವುದಿಲ್ಲ, ಸ್ಪೀಕರ್ ಇಲ್ಲದೆ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಮೈಕಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗೈ ಅಗಲದ ಕಬ್ಬಿಣ ಅಥವಾ ಎರಕದ ಅಲ್ಯೂಮಿನಿಯಂ ಪೆಟ್ಟಿಗೆ ಇರಲಿ, ಪ್ಲಾಸ್ಟಿಕ್ ಬೇಡ. ಪಿ-38 ತೂತುಗಳು ಹೊರಗಿನಿಂದ ನಟ್ ಹಾಕಿ ಬಿಗಿದಿರಬೇಕು. ಬರೀ ಬೋರ್ಡಿಗೆ ಬೆಸುಗೆ ಹಾಕಿದ್ದಾದರೆ ವೈರ್ ಎಡವಿದ ಮೊದಲ ಸಲವೇ ಕಿತ್ತುಬರುತ್ತದೆ. ಸ್ವಿಚ್ಚುಗಳು ತಗ್ಗಿನಲ್ಲಿ ಕೂತಿರಬೇಕು, ಇಲ್ಲದಿದ್ದರೆ ಕಾಲು ತಗುಲಿ ಒತ್ತಿಹೋಗುತ್ತವೆ. ಸಣ್ಣದೆಂದು ತೀರಾ ಹಗುರದ್ದನ್ನು ಆರಿಸಿದರೆ ಕ್ಯಾನನ್ ವೈರಿನ ಬಿಗುವಿಗೇ ಅದು ಗಾಳಿಯಲ್ಲಿ ತೂಗುತ್ತದೆ. ಕೀಬೋರ್ಡ್ ಸ್ಟ್ಯಾಂಡಿನ ಕಾಲಿಗೆ ವೆಲ್ಕ್ರೊ ಪಟ್ಟಿಯಿಂದ ಕಟ್ಟಿಬಿಡಿ.

ಹಂತ 6: ಎಷ್ಟು ಬೇಕು?

ಕೀಬೋರ್ಡಿನಲ್ಲಿ ಎಡ-ಬಲ ಎರಡು ಔಟ್ ಇದ್ದರೂ ಹಳ್ಳಿಯ ಸಿಸ್ಟಂ ಸಾಮಾನ್ಯವಾಗಿ ಮೋನೊ. ‘ಎಲ್/ಮೋನೊ’ ಎಂದಿರುವ ತೂತಿಗೆ ಒಂದೇ ಡಿಐ ಹಾಕಿ, ಬಲದ್ದನ್ನು ಖಾಲಿ ಬಿಡಿ. ಪ್ಯಾಡಿಗೂ ಹಾಗೇ ಒಂದು. ಟ್ರ್ಯಾಕ್ ಹಾಕುವ ಲ್ಯಾಪ್‌ಟಾಪಿಗೆ ಎರಡು. ಒಂದು ಹೆಚ್ಚುವರಿ. ಒಟ್ಟು ಐದು. ಎರಡು ಚಾನೆಲ್ ಒಂದೇ ಪೆಟ್ಟಿಗೆಯಲ್ಲಿರುವ ಡಬಲ್ ಡಿಐ ಅಗ್ಗವಾಗಿ ಕಾಣುತ್ತದೆ. ಆದರೆ ಅದು ಕೆಟ್ಟರೆ ಎರಡೂ ಚಾನೆಲ್ ಹೋದಂತೆ. ಒಂದೇ ಮಾದರಿಯ ಬಿಡಿ ಪೆಟ್ಟಿಗೆಗಳನ್ನು ಕೊಳ್ಳುವುದೇ ನಮ್ಮ ಶಿಫಾರಸು.

ಸಣ್ಣ ಕೀಬೋರ್ಡುಗಳಲ್ಲಿ ಲೈನ್ ಔಟ್ ಇರುವುದಿಲ್ಲ, ‘ಫೋನ್ಸ್/ಔಟ್‌ಪುಟ್’ ಎಂಬ ಒಂದೇ ಸ್ಟೀರಿಯೊ ತೂತು ಇರುತ್ತದೆ. ಅದಕ್ಕೆ ಮೋನೊ ಪಿ-38 ಚುಚ್ಚಿದರೆ ಬಲ ಚಾನೆಲ್ ನೇರವಾಗಿ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಸ್ಟೀರಿಯೊ ಪಿನ್ನಿನಿಂದ ಎರಡು ಮೋನೊ ಪಿನ್ ಆಗುವ ವೈರ್ ಮಾಡಿಸಿಕೊಂಡು ಎಡದ್ದನ್ನು ಮಾತ್ರ ಡಿಐಗೆ ಕೊಡಿ. ಎರಡನ್ನೂ ಸೇರಿಸಲೇಬೇಕಾದರೆ ಪ್ರತಿ ಚಾನೆಲಿಗೆ ತಲಾ 1 ಕಿಲೋಓಮ್ ರೆಸಿಸ್ಟರ್ ಹಾಕಿ ಆಮೇಲೆ ಕೂಡಿಸಿ. ತಂತಿಗಳನ್ನು ಸುಮ್ಮನೆ ತಿರುಚಿ ಸೇರಿಸಬೇಡಿ.

ಮೊಬೈಲಿನ ಇಪಿ ಪಿನ್ನಿನಿಂದ (3.5 ಮಿ.ಮೀ. ಹೆಡ್‌ಫೋನ್ ಪಿನ್) ಸೀದಾ ಕ್ಯಾನನ್ನಿಗೆ ವೈರ್ ಮಾಡಿಸಿದವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ: ಹಾಡಿನಲ್ಲಿ ಗಾಯಕರ ದನಿಯೇ ಮಾಯ, ಹಿನ್ನೆಲೆ ಮಾತ್ರ ಕೇಳಿಸುತ್ತದೆ. ಎಡ ಚಾನೆಲ್ 2ನೇ ಪಿನ್ನಿಗೆ, ಬಲ 3ನೇ ಪಿನ್ನಿಗೆ ಹೋಗಿ ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದುಬಿಡುತ್ತದೆ. ಎರಡರಲ್ಲೂ ಸಮನಾಗಿರುವ ದನಿ ಸೊನ್ನೆಯಾಗುತ್ತದೆ. ಮೊಬೈಲ್ ಕೆಟ್ಟಿಲ್ಲ. ಎರಡು ಡಿಐ ಹಾಕಿದರೆ ದನಿ ಮರಳುತ್ತದೆ.

ಹಂತ 7: ಕೊಳ್ಳುವ ಮುನ್ನ ಕಿವಿಯ ಪರೀಕ್ಷೆ

ಒಂದು ಮಿಕ್ಸರ್, ಹೆಡ್‌ಫೋನ್, 61 ಕೀಲಿಯ ಕೀಬೋರ್ಡ್ ಇದ್ದರೆ ಸಾಕು. ಬಾಸ್ ಟೋನ್ ಹಾಕಿ ಒಂದು ಆಕ್ಟೇವ್ ಕೆಳಗಿಳಿಸಿ. ಈಗ ಎಡಗಡೆಯ ಕೊನೆಯ ಕೀಲಿ 33 ಹರ್ಟ್ಸ್ ಹತ್ತಿರ ಇರುತ್ತದೆ. ಕೀಬೋರ್ಡಿನ ವಾಲ್ಯೂಮ್ ಪೂರ್ತಿ ಇಡಿ, ಮಿಕ್ಸರಿನ ಗೇನ್ ಕಡಿಮೆ ಇಡಿ. ಒಡೆಯುವುದಾದರೆ ಪೆಟ್ಟಿಗೆಯಲ್ಲಿ ಒಡೆಯಲಿ, ಮಿಕ್ಸರಿನಲ್ಲಲ್ಲ. ಆ ಕೀಲಿಯನ್ನು ಒತ್ತಿ ಹಿಡಿದು ಕೇಳಿ. ಮೊದಲು ಸಣ್ಣ ವೈರಿನಲ್ಲಿ ಮಿಕ್ಸರಿನ ಲೈನ್ ಇನ್‌ಗೆ ನೇರವಾಗಿ, ಆಮೇಲೆ ಡಿಐ ಮೂಲಕ. ಡಿಐಯಲ್ಲಿ ಹರಿದ ತಮಟೆಯಂತೆ ಒರಟು ಸೇರಿಕೊಂಡರೆ ತಿರುಳು ತುಂಬುತ್ತಿದೆ. 20 ಡಿಬಿ ಸ್ವಿಚ್ ಒತ್ತಿ ಕೇಳಿ. ಒರಟು ಹೋದರೆ ಪ್ಯಾಡ್ ಹಾಕಿಕೊಂಡೇ ಬಳಸಬಹುದು. ಹೋಗದಿದ್ದರೆ ಆ ಪೆಟ್ಟಿಗೆ ಬೇಡ.

ನಂತರ ತಾಳದಂಥ ಚೂಪು ಶಬ್ದ ನುಡಿಸಿ. ಎರಡೂ ದಾರಿಯಲ್ಲಿ ಮೇಲಿನ ಹೊಳಪು ಒಂದೇ ರೀತಿ ಇರಬೇಕು.

ಹಂತ 8: ಸ್ಟೇಜಿನಲ್ಲಿ ಜೋಡಿಸುವ ಕ್ರಮ

ಮಿಕ್ಸರಿನ ಆ ಚಾನೆಲ್ ಮ್ಯೂಟ್ ಮಾಡಿ. ವಾದ್ಯದಿಂದ ಡಿಐವರೆಗಿನ ಪಿ-38 ವೈರ್ 5 ಮೀಟರ್ ದಾಟದಿರಲಿ, 2 ಮೀಟರ್ ಆದರೆ ಇನ್ನೂ ಒಳ್ಳೆಯದು. ಈ ವೈರಿಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಕೀಬೋರ್ಡಿಗೆ ಅದು ಲೆಕ್ಕಕ್ಕಿಲ್ಲ, ಗಿಟಾರಿಗೆ ಹೊಳಪು ಕಳೆಯುತ್ತದೆ. ಕ್ಯಾನನ್ ವೈರನ್ನು ಸ್ನೇಕಿಗೆ (ಸ್ಟೇಜಿನಿಂದ ಮಿಕ್ಸರಿಗೆ ಹಲವು ಲೈನ್ ಒಯ್ಯುವ ದಪ್ಪ ಕೇಬಲ್) ಚುಚ್ಚಿ. ಲಿಫ್ಟ್ ಆಫ್, ಪ್ಯಾಡ್ ಆಫ್. ಕೀಬೋರ್ಡ್ ಆನ್ ಮಾಡಿ ಅದರ ವಾಲ್ಯೂಮನ್ನು ಮುಕ್ಕಾಲಿಗೆ ಇಡಿ, ಕಾರ್ಯಕ್ರಮದಲ್ಲಿ ನುಡಿಸುವ ಅತಿ ಜೋರಿನ ಟೋನನ್ನು ನುಡಿಸಲು ಹೇಳಿ. ಗೇನನ್ನು ಮೆಲ್ಲಗೆ ಏರಿಸಿ, ಕೆಂಪು ದೀಪ ಹತ್ತುವುದಕ್ಕೆ ಮುಂಚೆಯೇ ನಿಲ್ಲಿಸಿ. ಗೇನ್ ಸೊನ್ನೆಯಲ್ಲೇ ಕೆಂಪು ಹತ್ತಿದರೆ ಆಗ ಪ್ಯಾಡ್ ಹಾಕಿ. ಆಮೇಲೆ ಮ್ಯೂಟ್ ತೆಗೆಯಿರಿ.

ಮಿಕ್ಸರಿನ 48 ವೋಲ್ಟ್ ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ವೈರಿನಲ್ಲೇ ಕಳಿಸುವ ವೋಲ್ಟೇಜ್) ಎಲ್ಲ ಚಾನೆಲಿಗೂ ಒಂದೇ ಸ್ವಿಚ್ಚಿನಲ್ಲಿದ್ದರೆ ಹೆದರಬೇಡಿ. ಸುರುಳಿಯ ಎರಡೂ ತುದಿಗೆ ಸಮ ವೋಲ್ಟೇಜ್ ಬರುವುದರಿಂದ ಅದರ ಮೂಲಕ ಕರೆಂಟ್ ಹರಿಯುವುದಿಲ್ಲ, ವಾದ್ಯದ ಕಡೆಗೂ ದಾಟುವುದಿಲ್ಲ. ಡಿಐ ಇಲ್ಲದೆ ಪಿ-38ರಿಂದ ಕ್ಯಾನನ್ನಿಗೆ ಸೀದಾ ವೈರ್ ಮಾಡಿಸಿದ್ದರೆ ಮಾತ್ರ ಆ 48 ವೋಲ್ಟ್ 6.8 ಕಿಲೋಓಮ್ ಮೂಲಕ ಕೀಬೋರ್ಡಿನ ಔಟ್‌ಪುಟ್ಟಿಗೇ ಹೋಗಿ ನಿಲ್ಲುತ್ತದೆ. ಒಂದಲ್ಲ ಒಂದು ದಿನ ಕೀಬೋರ್ಡಿನ ಔಟ್ ಸಾಯುವುದು ಹೀಗೆ.

ಹಂತ 9: ಗುಂಯ್ ಬಂದರೆ

ಮೊದಲು ಕಿವಿಯಿಂದ ಬೇರ್ಪಡಿಸಿ. ದಪ್ಪಗೆ, ಮೆತ್ತಗೆ ಗುಂಯ್‌ಗುಟ್ಟಿದರೆ 50 ಹರ್ಟ್ಸ್. ಜೀರುಂಡೆಯಂತೆ ಕೊರೆಯುವ ಜುಯ್ ಆದರೆ 100 ಹರ್ಟ್ಸ್ ಮತ್ತು ಅದರ ಮೇಲಿನವು, ಸಾಮಾನ್ಯವಾಗಿ ಡಿಮ್ಮರಿನದೋ ಅಡಾಪ್ಟರಿನದೋ ಕಾಣಿಕೆ.

ಡಿಐಯಿಂದ ವಾದ್ಯದ ಪಿ-38 ಕಿತ್ತು ನೋಡಿ. ಶಬ್ದ ನಿಂತರೆ ತಂಟೆ ವಾದ್ಯದ ಕಡೆಯದು, ನಿಲ್ಲದಿದ್ದರೆ ಡಿಐಯಿಂದ ಮಿಕ್ಸರಿನವರೆಗಿನದು.

ವಾದ್ಯದ ಕಡೆಯದಾದರೆ ಲಿಫ್ಟ್ ಮಾಡಿ ಕೇಳಿ. ಮೂರು ಪಿನ್ನಿನ ಆಂಪ್ಲಿಫಯರು, ಅರ್ಥಿಂಗ್ ಇರುವ ಚಾರ್ಜರಿನ ಲ್ಯಾಪ್‌ಟಾಪು ಮುಂತಾದವಕ್ಕೆ ಸ್ಟೇಜಿನ ಕಡೆ ಒಂದು ಅರ್ಥ್, ಮಿಕ್ಸರಿನ ಕಡೆ ಇನ್ನೊಂದು ಅರ್ಥ್ ಸಿಕ್ಕಿ ಉಂಗುರ ಕಟ್ಟಿಕೊಳ್ಳುತ್ತದೆ. ಲಿಫ್ಟ್ ಆ ಉಂಗುರವನ್ನು ಕತ್ತರಿಸುತ್ತದೆ, ಶಬ್ದ ತಟ್ಟನೆ ನಿಲ್ಲುತ್ತದೆ. ಎರಡು ಪಿನ್ನಿನ ಅಡಾಪ್ಟರಿನ ಕೀಬೋರ್ಡು, ಬ್ಯಾಟರಿ ಗಿಟಾರುಗಳಿಗೆ ತಮ್ಮದೇ ಅರ್ಥ್ ಇಲ್ಲ. ಅವಕ್ಕೆ ಲಿಫ್ಟ್ ಮಾಡಿದರೆ ಇದ್ದ ಒಂದು ಆಸರೆಯೂ ತಪ್ಪಿ ಜುಯ್ ಹೆಚ್ಚಾಗುತ್ತದೆ. ‘ಲಿಫ್ಟ್ ಯಾವಾಗಲೂ ಆನ್ ಇರಲಿ’ ಎಂಬ ಸಲಹೆ ಅದಕ್ಕೇ ಸರಿಯಲ್ಲ. ಎರಡೂ ಕಡೆ ಒತ್ತಿ ನೋಡಿ, ಯಾವುದು ಮೌನವೋ ಅದು.

ಲಿಫ್ಟ್ ಎತ್ತ ಒತ್ತಿದರೂ ಬದಲಾಗದ ಗುಂಯ್ ಇದ್ದರೆ ಪೆಟ್ಟಿಗೆ ಎಲ್ಲಿ ಕೂತಿದೆ ನೋಡಿ. ಕೀಬೋರ್ಡಿನ ದಪ್ಪ ಕಬ್ಬಿಣದ ಅಡಾಪ್ಟರಿಗೆ ಅಂಟಿಕೊಂಡಿರುತ್ತದೆ. ಅಡಾಪ್ಟರಿನ ಕಾಂತಕ್ಷೇತ್ರ ಡಿಐಯ ಸುರುಳಿಯಲ್ಲಿ ನೇರವಾಗಿ ಶಬ್ದ ಹುಟ್ಟಿಸುತ್ತದೆ. ಒಂದು ಮೊಳ ದೂರ ಸರಿಸಿ. ಜಾಗವಿಲ್ಲದಿದ್ದರೆ ಪೆಟ್ಟಿಗೆಯನ್ನು ಇದ್ದಲ್ಲೇ ಕಾಲು ಸುತ್ತು ತಿರುಗಿಸಿ. ತಿರುಗಿಸುತ್ತಿದ್ದಂತೆ ಗುಂಯ್ ಇಳಿದು, ಒಂದು ಕೋನದಲ್ಲಿ ಬಹುಪಾಲು ಸತ್ತು, ಮತ್ತೆ ಏರುವುದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆ ಕೋನದಲ್ಲಿ ಟೇಪ್ ಹಾಕಿಬಿಡಿ. ಮ್ಯೂಮೆಟಲ್ (ಕಾಂತಕ್ಷೇತ್ರ ತಡೆಯುವ ಮಿಶ್ರಲೋಹ) ಕವಚದ ಟ್ರಾನ್ಸ್‌ಫಾರ್ಮರ್ ಇರುವ ದುಬಾರಿ ಪೆಟ್ಟಿಗೆಗಳಲ್ಲಿ ಈ ಕಾಟ ಬಹಳ ಕಡಿಮೆ.

ಗುಂಯ್ ನಿಲ್ಲಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು, ಅದಕ್ಕೆ ಟೇಪ್ ಸುತ್ತುವುದು ಬಹಳ ಕಡೆ ನಡೆಯುತ್ತದೆ. ಜೀವ ಹೋಗುವ ಕೆಲಸ ಅದು. ಲಿಫ್ಟ್ ಸ್ವಿಚ್ ಇರುವುದೇ ಸಿಗ್ನಲಿನ ಗ್ರೌಂಡ್ ಬಿಡಿಸಲು, ಕರೆಂಟಿನ ಅರ್ಥಿಂಗ್ ಹಾಗೇ ಇರಲೇಬೇಕು. ಮೈಕಿಗೆ ತುಟಿ ತಾಗಿಸಿದಾಗ, ಗಿಟಾರಿನ ತಂತಿ ಮುಟ್ಟಿದಾಗ ಚುರ್ ಎಂದರೆ ಅದು ಡಿಐ ಸರಿಮಾಡುವ ದೋಷವಲ್ಲ. ನುಡಿಸುವುದನ್ನು ನಿಲ್ಲಿಸಿ ಲೈನ್ ಬಲ್ಲವರಿಂದ ಬೋರ್ಡ್ ಪರೀಕ್ಷೆ ಮಾಡಿಸಿ. ಜಾತ್ರೆಗಳಲ್ಲಿ ಮೂರು ಫೇಸಿನ ಲೈನ್ ಎಳೆದಾಗ ಸ್ಟೇಜು ಒಂದು ಫೇಸಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ ಇರುವುದುಂಟು. ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್. ಸ್ಟೇಜಿಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ, ಒಂದೇ ಫೇಸಿನಿಂದ, ಒಂದೇ ಅರ್ಥಿಂಗಿನಿಂದ ಲೈನ್ ಕೊಡಿಸಿ. ಅರ್ಧಕ್ಕರ್ಧ ಗುಂಯ್ ಅಲ್ಲೇ ಮುಗಿಯುತ್ತದೆ.

ಉಳಿದ ಸಣ್ಣಪುಟ್ಟವು

ಸದ್ದು ಪೂರ್ತಿ ಇಲ್ಲವಾದರೆ ಪಿ-38 ಅರ್ಧ ಹೋಗಿ ನಿಂತಿದೆಯೇ ನೋಡಿ. ‘ಟಕ್’ ಎನ್ನುವವರೆಗೆ ಒತ್ತಬೇಕು. ವೈರ್ ಅಲ್ಲಾಡಿಸಿದಾಗ ಕರಕರ ಎಂದರೆ ತೂತಿನೊಳಗೆ ಧೂಳು. ಶಿರಾ, ಪಾವಗಡದ ಕಡೆ ಬೇಸಿಗೆಯಲ್ಲಿ ಒಂದು ಸೀಸನ್ನಿಗೇ ಹೀಗಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರನ್ನು ಪಿನ್ನಿನ ಮೇಲೆ ಸಿಂಪಡಿಸಿ ಹತ್ತಿಪ್ಪತ್ತು ಸಲ ಚುಚ್ಚಿ ತೆಗೆಯಿರಿ, ತೂತಿನೊಳಗೆ ಸುರಿಯಬೇಡಿ. ಸದ್ದು ಇದೆ, ಆದರೆ ಸಣ್ಣಗೆ, ತೆಳ್ಳಗೆ ಬರುತ್ತಿದೆ ಎಂದರೆ ಕ್ಯಾನನ್ ವೈರಿನ 2 ಅಥವಾ 3ನೇ ತಂತಿ ಬಿಟ್ಟಿರಬಹುದು. ಡಿಐ ಬದಲಿಸುವ ಮುನ್ನ ವೈರ್ ಬದಲಿಸಿ ನೋಡಿ.

ಪೆಟ್ಟಿಗೆಗಳಿಗೆ 1, 2, 3 ಎಂದು ನಂಬರ್ ಬರೆದು, ಸ್ನೇಕಿನ ತುದಿಯಲ್ಲೂ ಅದೇ ನಂಬರಿನ ಟೇಪ್ ಅಂಟಿಸಿ. ಕಾರ್ಯಕ್ರಮ ಮುಗಿದು ಬಿಚ್ಚುವಾಗ ಮೊದಲು ಚಾನೆಲ್ ಮ್ಯೂಟ್, ಆಮೇಲೆ ಪಿ-38, ಕೊನೆಗೆ ಕ್ಯಾನನ್. ಮಳೆಗೆ ನೆನೆದ ಪೆಟ್ಟಿಗೆಯನ್ನು ನಾಲ್ಕು ಸ್ಕ್ರೂ ಬಿಚ್ಚಿ ನೆರಳಲ್ಲಿ ಒಂದು ದಿನ ಒಣಗಿಸಿ. ಒಳಗೆ ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ, ಬಹುತೇಕ ಮತ್ತೆ ಮೊದಲಿನಂತೆಯೇ ನಡೆಯುತ್ತದೆ.